ಬೀಳಜ್ಜ ನಿಂತ ಆರು ಸೆಕೆಂಡು

ಸ್ಟುಡಿಯೋ ಅಕ್ಕನ ಬೆರಳುಗಳು ಕಪ್ಪಗಾಗಿ ಎಂಟು ತಿಂಗಳಾಗಿತ್ತು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಜಪ್ಪಯ್ಯ ಅಂದರೂ ಬಿಡದ ಕಪ್ಪು. ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ಬಂದವರ ಗಲ್ಲ ಎತ್ತಿ ಸರಿಮಾಡಲು ಅವಳು ಕೈ ಚಾಚಿದರೆ ಸಾಕು, ಸ್ಟೂಲಿನ ಸಮೇತ ಹಿಂದಕ್ಕೆ ಸರಿಯುತ್ತಿದ್ದರು. "ಕೈಗೇನಾಯ್ತಕ್ಕಾ?" ಎಂದು ಕೇಳಿದರೆ "ಬೆಳ್ಳಿ ಅಂಟಿದೆ" ಅನ್ನುತ್ತಿದ್ದಳು. ಅದು ತಮಾಷೆ ಅಂದುಕೊಂಡು ಅವರು ನಕ್ಕುಬಿಡುತ್ತಿದ್ದರು. ಫೋಟೋದಲ್ಲಿ ಆ ನಗು ಬಂದು, ಕಚೇರಿಯವರು ಅರ್ಜಿ ವಾಪಸ್ ಕಳಿಸಿ, ಅವರು ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕೂರಬೇಕಾಗುತ್ತಿತ್ತು.

ಅವಳು ಹೇಳಿದ್ದು ನಿಜವೇ. ನೂರಾ ಐವತ್ತು ವರ್ಷದ ಹಿಂದಿನವರು ಗಾಜಿನ ಮೇಲೆ ಫೋಟೋ ತೆಗೆಯುತ್ತಿದ್ದ ರೀತಿಯನ್ನು ಅವಳು ಕಲಿಯುತ್ತಿದ್ದಳು. ಗಾಜಿಗೆ ಪಾಕದಂಥ ಅಂಟು ಸುರಿದು, ಬೆಳ್ಳಿ ಕರಗಿದ ನೀರಿನಲ್ಲಿ ಅದ್ದಿ, ಒದ್ದೆ ಆರುವುದರೊಳಗೆ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಎಲ್ಲದಕ್ಕೂ ಸೇರಿ ಹತ್ತು ನಿಮಿಷ. ಬೆಳ್ಳಿ ನೀರು ತಾಗಿದ ಚರ್ಮ ಬಿಸಿಲು ಕಂಡೊಡನೆ ಮಸಿಯಾಗುತ್ತದೆ. ಯಾವುದೋ ದೂರದ ಊರಿನಲ್ಲಿ ಈ ವಿದ್ಯೆ ಬಲ್ಲ ಒಬ್ಬ ಮುದುಕರಿದ್ದಾರೆಂದು ಕೇಳಿ, ಹದಿನೈದು ದಿನ ಅವರ ಮನೆಯ ಜಗಲಿಯಲ್ಲಿ ಕೂತು ಕಲಿತು ಬಂದಿದ್ದಳು. ಅವಳ ಗಂಡ ದರ್ಜಿ. ಅರ್ಧ ಅಂಗಡಿ ಅವಳ ಸ್ಟುಡಿಯೋ, ಅರ್ಧ ಅವನ ಹೊಲಿಗೆ ಮಷೀನು, ನಡುವೆ ಒಂದು ಪರದೆ. "ನಿನ್ನ ಕೈ ನನ್ನ ಬಿಳಿ ಬಟ್ಟೆಗೆ ತಾಗಬಾರದು ಕಣೇ" ಎಂದು ಅವನು ದಿನಕ್ಕೆ ನಾಲ್ಕು ಸಲ ಪರದೆಯಾಚೆಯಿಂದ ಕೂಗುತ್ತಿದ್ದ.

ಇಷ್ಟೆಲ್ಲ ಪಾಡು ಯಾರಿಗಾಗಿ? ಅವಳ ಅಪ್ಪನಿಗಾಗಿ. ಊರಿಗೆ ಊರೇ ಬೀಳಜ್ಜ ಎಂದು ಕರೆಯುವ ಮುದುಕನಿಗಾಗಿ.

ನೂರಾ ಮೂವತ್ತು ವರ್ಷಗಳ ಹಿಂದೆ, ಹಡಗು ನಿಲ್ಲುವ ದಕ್ಕೆಯಲ್ಲಿ ಮೂಟೆ ಹೊರುವವರಿಗೂ ನೂಲಿನ ಗಿರಣಿಯವರಿಗೂ ಒಂದು ಹಗ್ಗಜಗ್ಗಾಟ ನಡೆದಿತ್ತು. ಕಡೆಗೆ ಎಂಟೆಂಟು ಜನ. ದಕ್ಕೆಯವರದು ನೀಲಿ ಅಂಗಿ, ಗಿರಣಿಯವರದು ಹಳದಿ. ಗೆದ್ದವರು ಯಾರೆಂದು ಯಾರೂ ಬರೆದಿಡಲಿಲ್ಲ. ಹಾಗಾಗಿ ಎರಡೂ ಕಡೆಯವರು ತಾವೇ ಗೆದ್ದದ್ದೆಂದು ತಲೆಮಾರುಗಟ್ಟಲೆ ಸುಖವಾಗಿ ಜಗಳವಾಡಿಕೊಂಡಿದ್ದರು. ನಲವತ್ತು ವರ್ಷಗಳ ಹಿಂದೆ, ಮುಚ್ಚಿಹೋಗಿದ್ದ ಗಿರಣಿಯ ಉಗ್ರಾಣ ಖಾಲಿ ಮಾಡುವಾಗ ಗಾಜಿನ ಮೇಲಿನ ಒಂದು ಫೋಟೋ ಸಿಕ್ಕಿತು. ಅದರಲ್ಲಿ ತೆಳು ಬಣ್ಣದ ಅಂಗಿಯ ಎಂಟು ಮಂದಿ ಹಗ್ಗ ಹಿಡಿದು ಎದೆಯುಬ್ಬಿಸಿ ನಿಂತಿದ್ದರು. ಗಾಢ ಬಣ್ಣದ ಅಂಗಿಯ ಎಂಟು ಮಂದಿ ನೆಲ ಕಚ್ಚಿದ್ದರು. ಬಿದ್ದವರಲ್ಲಿ ಕೊನೆಯವನ ಕೈಯಿಂದ ಹಗ್ಗ ಜಾರಿಹೋಗಿತ್ತು. ಹಳದಿ ತೆಳು ಬಣ್ಣ, ನೀಲಿ ಗಾಢ ಬಣ್ಣ. ಇದರಲ್ಲಿ ತಲೆ ಕೆರೆದುಕೊಳ್ಳಲು ಏನಿದೆ? ಗಿರಣಿಯವರು ಗೆದ್ದದ್ದು ಇತ್ಯರ್ಥವಾಗಿಹೋಯಿತು. ನಿಂತವರಲ್ಲಿ ಕೊನೆಯವನ ಮುಖ ಮಾತ್ರ ಒರೆಸಿ ಹಾಕಿದಂತೆ ಮಸುಕಾಗಿತ್ತು. ಅವನು ಗಿರಣಿ ತಂಡದ ನಾಯಕ, ಸೋತವರನ್ನು ನೋಡಲಾರದೆ ಗತ್ತಿನಿಂದ ಮುಖ ತಿರುಗಿಸಿದ್ದಾನೆ ಎಂದು ಅದಕ್ಕೂ ಒಂದು ಅರ್ಥ ಹುಟ್ಟಿತು.

ದಕ್ಕೆಯವರ ಹಗ್ಗದ ಕೊನೆಯಲ್ಲಿ ನಿಂತಿದ್ದವರು ಅಪ್ಪನ ಅಜ್ಜ. ಈ ಒಂದು ಮಾತಿನಲ್ಲಿ ಮಾತ್ರ ಎರಡೂ ಕಡೆಯವರಿಗೆ ತಕರಾರಿರಲಿಲ್ಲ. ಅಲ್ಲಿಗೆ ಅವರ ಮನೆ 'ಹಗ್ಗ ಬಿಟ್ಟವರ ಮನೆ' ಆಯಿತು. ಅಂಚೆಯವನು ಕೂಡ ಹಾಗೆಂದೇ ವಿಳಾಸ ಕೇಳುತ್ತಿದ್ದ.

ಫೋಟೋ ಸಿಕ್ಕ ವರ್ಷದಿಂದಲೇ ಊರಿನ ಕ್ರೀಡಾ ಸಂಘದವರು ಹಳೆಯ ಪಂದ್ಯವನ್ನು ಹಳೆಯ ಉಡುಪಿನಲ್ಲಿ ಮೈದಾನದಲ್ಲಿ ಮತ್ತೆ ಆಡಿ ತೋರಿಸತೊಡಗಿದರು. ಕೊನೆಯವನ ಪಾತ್ರಕ್ಕೆ ವಂಶದವರೇ ಬೇಕು, ಆಗಲೇ ಅಸಲಿ ಅನ್ನಿಸುವುದು ಎಂದು ಯಾರೋ ಮಹಾಶಯರು ಸೂಚಿಸಿದರು. ಮೂವತ್ತೆಂಟರ ಹರೆಯದ ಅಪ್ಪ, ಎರಡು ಮೂಟೆ ಒಟ್ಟಿಗೆ ಹೊತ್ತು ಹಡಗಿನ ಹಲಗೆ ಏರುತ್ತಿದ್ದ ಗಟ್ಟಿ ಆಳು, ಹಗ್ಗ ಬಿಟ್ಟು ದೊಪ್ಪನೆ ಬಿದ್ದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕನಿಗೆ ಆಗ ಒಂಬತ್ತು ವರ್ಷ. ನಕ್ಕವರಲ್ಲಿ ಅವಳ ಕ್ಲಾಸಿನವರೂ ಇದ್ದರು. ಆ ನಗು ಅವಳಿಗೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ. ಅಪ್ಪ ಮಾತ್ರ ವರ್ಷವರ್ಷವೂ ಬಿದ್ದ. ಬೀಳುವುದರಲ್ಲಿ ಪಳಗಿ, ಮಂಡಿ ಹೇಗೆ ಮಡಿಸಬೇಕು, ಧೂಳು ಹೇಗೆ ಎಬ್ಬಿಸಬೇಕು ಎಂದು ಹೊಸಬರಿಗೆ ಪಾಠ ಹೇಳುವ ಮಟ್ಟಕ್ಕೆ ಬಂದ.

"ಬೇಜಾರಾಗಲ್ವೇನಪ್ಪಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಬೀಳೋದಕ್ಕೇನು ಬೇಜಾರು ಮಗಳೇ. ಆದ್ರೆ ನಮ್ಮಜ್ಜಿ ಹೇಳ್ತಿದ್ಲು, ಆವತ್ತು ನಿಮ್ಮಜ್ಜ ಮನೆಗೆ ಬಂದವರು ನಗು ನಿಲ್ಲಿಸ್ಲೇ ಇಲ್ಲ, ಊಟಕ್ಕೆ ಕೂತ್ರೂ ನಗ್ತಾನೇ ಇದ್ರು ಅಂತ. ಆ ಫೋಟೋ ಬಂದ್ಮೇಲೆ ನಮ್ಮಜ್ಜಿ ಸುಳ್ಳುಬುರುಕಿ ಆಗಿಬಿಟ್ಲಲ್ಲ, ಅದೊಂದು ನೋಡು." ಅಷ್ಟು ಹೇಳಿ ಅಪ್ಪ ಎದ್ದುಹೋಗಿದ್ದ. ಸಂಘದ ಹಾಲ್‌ನಲ್ಲಿ ತೂಗುಹಾಕಿದ್ದ ಆ ಚಿತ್ರದ ಕಡೆ ಅವನು ಯಾವತ್ತೂ ಕಣ್ಣೆತ್ತಿ ನೋಡಿದವನಲ್ಲ.

ಪ್ರತಿ ವರ್ಷದ ಆಟದ ಫೋಟೋ ತೆಗೆಯುವುದು ಅಕ್ಕನದೇ ಕೆಲಸ. ತೆಗೆದು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕಂದು ಬಣ್ಣಕ್ಕೆ ತಿರುಗಿಸಿದರೆ ನೂರು ವರ್ಷ ಹಳೆಯದು! ಹೋದ ವರ್ಷ ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದೇನು ಮಗಳೇ, ಮೇಲೆ ಟೀ ಚೆಲ್ಲಿದ ಹಾಗಿದೆಯಲ್ಲ" ಅಂದ. ಅಕ್ಕನಿಗೆ ಅದು ನಾಟಿತು. ಅಪ್ಪನ ಮಂಡಿ ಸವೆದಿದೆ, ಇನ್ನೊಂದು ಸಲ ಬಿದ್ದರೆ ಅದೇ ಕೊನೆ ಎಂದು ಡಾಕ್ಟರು ಹೇಳಿದ್ದರು. ಆ ಕೊನೆಯ ಬೀಳುವಿಕೆಯನ್ನಾದರೂ ಅಸಲಿ ವಿಧಾನದಲ್ಲೇ, ಗಾಜಿನ ಮೇಲೇ ಹಿಡಿಯುತ್ತೇನೆ ಎಂದು ಅವಳು ಪಟ್ಟು ಹಿಡಿದಳು. ಬೆರಳು ಕಪ್ಪಾದದ್ದು ಹೀಗೆ.

ಆಟದ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಮೈದಾನ ತುಂಬಿತ್ತು. ಗಂಡ ಹೊಲಿದುಕೊಟ್ಟ ಕಪ್ಪು ಬಟ್ಟೆಯ ಡೇರೆ ಒಂದು ಮೂಲೆಯಲ್ಲಿ ಎದ್ದಿತ್ತು. ಒಳಗೆ ಒಂದೇ ಒಂದು ಕೆಂಪು ದೀಪ, ಬೆಳ್ಳಿ ನೀರಿನ ತೊಟ್ಟಿ, ತೊಳೆಯುವ ನೀರು, ಮೂರೇ ಮೂರು ಗಾಜು. ಹದಿನಾರು ಅಂಗಿಗಳೂ ಗಂಡನ ಕೈಯವೇ, ಎಂಟು ನೀಲಿ, ಎಂಟು ಹಳದಿ. ಸಂಘದ ಅಧ್ಯಕ್ಷರು ಕೋಟು ತೊಟ್ಟು ಬಂದಿದ್ದರು. ಅವರು ಗಡಿಯಾರ ರಿಪೇರಿಯವರು, ಗಿರಣಿ ನಾಯಕನ ಮರಿಮಗ. ಒಂದು ಸೆಕೆಂಡು ಆಚೀಚೆಯಾದರೂ ಸಹಿಸದ ಮನುಷ್ಯ. ಹಾಗಾಗಿಯೇ ಅಕ್ಕ ಎಣಿಸುವ ಕೆಲಸವನ್ನು ಅವರಿಗೇ ಕೊಟ್ಟಿದ್ದಳು.

"ಆರು ಸೆಕೆಂಡು ಯಾರೂ ಅಲ್ಲಾಡಬಾರದು. ಅಲ್ಲಾಡಿದ್ರೆ ಅಳಿಸಿ ಹೋಗ್ತೀರಿ" ಎಂದು ಅಕ್ಕ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಎಳೀತಾ ಇರುವಾಗ ಆರು ಸೆಕೆಂಡು ಸುಮ್ನಿರೋದು ಹೇಗಮ್ಮಾ?" ಅಧ್ಯಕ್ಷರಿಗೆ ಅನುಮಾನ.

"ಎಳೀಬಾರದು ಸಾರ್. ಆಗಿನವರೂ ಆಟ ಮುಗಿದ್ಮೇಲೆ ಹೀಗೇ ನಿಲ್ಸಿ ತೆಗೆದದ್ದು. ಗೆದ್ದವರು ನಿಂತ್ಕೊಳ್ಳಿ, ಸೋತವರು ಬಿದ್ಕೊಳ್ಳಿ ಅಂತ."

"ಹಾಗಂದ್ರೆ ಹಾಲ್‌ನಲ್ಲಿರೋದೂ ನಾಟಕವೇ?" ಅಧ್ಯಕ್ಷರು ಮುಖ ಸಿಂಡರಿಸಿದರು.

"ಆಟ ನಿಜ ಸಾರ್. ಬಿದ್ದು ತೋರಿಸಿದ್ದು ಫೋಟೋಕ್ಕೆ."

ಅಪ್ಪ ತನ್ನ ಜಾಗಕ್ಕೆ ಹೋಗಿ, ಕೋಲು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೊರಗಿದ. ಹಗ್ಗ ಬಿಟ್ಟ ಕೈ ಚಾಚಿದ. ಹಳದಿಯವರು ಎದೆಯುಬ್ಬಿಸಿ ನಿಂತರು. ಅಕ್ಕ ಡೇರೆಯಿಂದ ಒದ್ದೆ ಗಾಜಿನ ಪೆಟ್ಟಿಗೆ ಹಿಡಿದು ಓಡಿ ಬಂದು ಕ್ಯಾಮೆರಾಕ್ಕೆ ಸೇರಿಸಿ, ಮುಚ್ಚಳ ತೆಗೆದಳು. ಅಧ್ಯಕ್ಷರು ಆರು ಎಣಿಸಿದರು. ಮುಚ್ಚಳ ಹಾಕಿ ಅವಳು ಮತ್ತೆ ಡೇರೆಗೆ ಓಡಿದಳು.

ಔಷಧಿ ಸುರಿದು, ತೊಳೆದು, ಗಾಜನ್ನು ಕೊನೆಯ ತಟ್ಟೆಯ ನೀರಿನಲ್ಲಿ ಮುಳುಗಿಸುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ಕೈಯಲ್ಲ, ಮೈಯೆಲ್ಲ ಕಪ್ಪಾದರೂ ಸರಿ ಅನ್ನಿಸುತ್ತದೆ. ಹಾಲಿನ ಕೆನೆಯಂಥ ಮಬ್ಬು ಮೆಲ್ಲಗೆ ಕರಗುತ್ತದೆ, ಅದರಡಿಯಿಂದ ಮನುಷ್ಯರು ಏಳುತ್ತಾರೆ. ಅಕ್ಕ ಉಸಿರು ಬಿಗಿ ಹಿಡಿದು ಬಗ್ಗಿದಳು. ಬಿಳೀ ಆಕಾಶ ಬಂತು. ಹಗ್ಗ ಬಂತು. ಜನ ಬಂದರು.

ನಿಂತವರ ಅಂಗಿ ಕಪ್ಪು, ಬಿದ್ದವರ ಅಂಗಿ ಬಿಳಿ. ಎಲ್ಲ ಉಲ್ಟಾ. ಔಷಧಿ ಕೆಟ್ಟಿರಬೇಕು, ಎಂಟು ತಿಂಗಳ ಶ್ರಮ ನೀರುಪಾಲಾಯಿತು ಎಂದು ಅವಳ ಕಣ್ಣಲ್ಲಿ ನೀರು ಬಂತು. ಆದರೆ ಮುಖಗಳು ಸರಿಯಾಗಿವೆ, ಹುಲ್ಲು ಸರಿಯಾಗಿದೆ, ಅಪ್ಪನ ಬಿಳಿ ಗಡ್ಡ ಬಿಳಿಯಾಗಿಯೇ ಇದೆ. ಅಂಗಿ ಮಾತ್ರ ಅದಲುಬದಲು.

ಪರದೆ ಸರಿಸಿ ಗಂಡ ತಲೆ ಹಾಕಿದ. ತಟ್ಟೆ ನೋಡಿ ಅವನ ಮುಖ ಹುಳ್ಳಗಾಯಿತು. "ಏನೇ ಇದು, ನಾನು ಕೊಂಡ ಬಟ್ಟೆ ಮೋಸದ್ದಾ?"

ಅಕ್ಕನ ಕಣ್ಣು ಕೆಂಪು ದೀಪದ ಮೇಲೆ ನಿಂತಿತ್ತು. ಈ ಗಾಜಿಗೆ ಕೆಂಪು ಕಾಣುವುದಿಲ್ಲ, ಅದಕ್ಕೇ ಕೆಂಪು ದೀಪ. ಹಳದಿಯೂ ಅದಕ್ಕೆ ಕತ್ತಲೆಯೇ, ಹಳದಿ ದೀಪವಾದರೂ ನಡೆಯುತ್ತದೆ ಎಂದು ವಿದ್ಯೆ ಕಲಿಸಿದ ಆ ಮುದುಕರು ಹೇಳಿದ್ದರು. ನೀಲಿಯೋ, ಅದಕ್ಕೆ ಹಗಲಿನಷ್ಟು ಬೆಳಕು, ಅದಕ್ಕೇ ನೀಲಿ ಆಕಾಶ ಯಾವಾಗಲೂ ಬಿಳಿ. ಎಂಟು ತಿಂಗಳಿಂದ ಬಿಳಿ ಅಂಗಿ ತೊಡಿಸಿ ಗಂಡನನ್ನೇ ಕೂರಿಸಿ ಅಭ್ಯಾಸ ಮಾಡಿದ್ದಳು, ಬಣ್ಣದ ಯೋಚನೆಯೇ ಬಂದಿರಲಿಲ್ಲ. ಹಾಗಾದರೆ ಹಾಲ್‌ನಲ್ಲಿರುವ ಹಳೆಯ ಗಾಜು...

ಅವಳು ಕಿಟಾರನೆ ಕಿರುಚಿದಳು. ಮೈದಾನದಲ್ಲಿದ್ದವರು ಆಸಿಡ್ ಚೆಲ್ಲಿತೆಂದು ನೀರಿನ ಬಕೆಟ್ ಹಿಡಿದು ಓಡಿ ಬಂದರು.

"ನಮ್ಮವರು ಗೆದ್ದಿದ್ದು! ನೀಲಿಯವರು ಗೆದ್ದಿದ್ದು!" ತೊಟ್ಟಿಕ್ಕುವ ಗಾಜನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಕ್ಕ ಡೇರೆಯಿಂದ ಹೊರಗೆ ಬಂದಳು. ನಲವತ್ತೊಂಬತ್ತರ ಹೆಂಗಸು ಒಂಬತ್ತರ ಹುಡುಗಿಯ ಹಾಗೆ ಕುಣಿಯುತ್ತಿದ್ದಳು. "ಈ ಗಾಜಲ್ಲಿ ನೀಲಿ ಬಿಳಿಯಾಗುತ್ತೆ, ಹಳದಿ ಕಪ್ಪಾಗುತ್ತೆ! ನೋಡಿ! ಕಣ್ಣು ಬಿಟ್ಟು ನೋಡಿ! ಹಾಲ್‌ನಲ್ಲಿ ನಿಂತಿರೋ ಬಿಳಿ ಅಂಗಿಯವರು ದಕ್ಕೆಯವರು!"

ಗುಂಪಿನಲ್ಲಿ ಗದ್ದಲವೆದ್ದಿತು. ದಕ್ಕೆಯ ಕಡೆಯವರು ಹೋ ಎಂದರು, ಗಿರಣಿಯ ಕಡೆಯವರು ಛೀ ಎಂದರು. ಅಧ್ಯಕ್ಷರು ಗಾಜನ್ನು ಡೇರೆಯ ಕಪ್ಪು ಬಟ್ಟೆಗೆ ತಾಗಿಸಿ ಹಿಡಿದು, ಗಡಿಯಾರದ ಭೂತಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೂಲೆಮೂಲೆ ನೋಡಿದರು.

"ಇದು ಈಗಿನ ಬಟ್ಟೆ, ಈಗಿನ ಬಣ್ಣ" ಅಂದರು ಕೊನೆಗೆ. "ಆಗಿನ ಹಳದಿ ಹೀಗೇ ಬರ್ತಿತ್ತು ಅನ್ನೋಕೆ ಏನು ಸಾಕ್ಷಿ? ನನ್ನ ಮುತ್ತಜ್ಜ ಆವತ್ತು ತೊಟ್ಟ ಅಂಗೀನೇ ಹಾಲ್‌ನಲ್ಲಿದೆ. ಅದರ ಫೋಟೋ ತೆಗೀರಿ. ಬೆಳ್ಳಗೆ ಬಂದ್ರೆ ನೀವು ಬಾಯಿ ಮುಚ್ಕೋಬೇಕು."

"ಕಪ್ಪಗೆ ಬಂದ್ರೆ?"

"ಬರ್ಲಿ ನೋಡೋಣ."

ಅಂಗಿ ಬಂತು. ಗಾಜಿನ ಪೆಟ್ಟಿಗೆಯಿಂದ ತೆಗೆದಾಗ ನುಸಿಗುಳಿಗೆಯ ವಾಸನೆ ಗುಪ್ಪೆಂದಿತು. ಅದನ್ನು ನೋಡಿದೊಡನೆ ಅಕ್ಕನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ನೂರಾ ಮೂವತ್ತು ವರ್ಷದಲ್ಲಿ ಹಳದಿ ಮಾಸಿ, ಹಳೆಯ ಕಾಗದದ ಬಣ್ಣಕ್ಕೆ ಬಂದಿತ್ತು. ಇದು ಗಾಜಿನಲ್ಲಿ ಬೆಳ್ಳಗೇ ಬಂದರೂ ಬಂದೀತು. ಬಂದರೆ ಕಥೆ ಮುಗಿಯಿತು, ಅಪ್ಪ ಬಿದ್ದಲ್ಲೇ ಬಿದ್ದಿರಬೇಕು. ಅಪ್ಪ ಇನ್ನೂ ನೆಲದ ಮೇಲೇ ಕೂತಿದ್ದ. ಇಷ್ಟು ಗಲಾಟೆಯಲ್ಲಿ ಅವನನ್ನು ಎಬ್ಬಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆಗ ದರ್ಜಿ ಮುಂದೆ ಬಂದ. ಅಷ್ಟು ಜನರೆದುರು ಅವನು ಯಾವತ್ತೂ ಬಾಯಿ ಬಿಟ್ಟವನಲ್ಲ. ಅಂಗಿಯ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, "ಸಾರ್, ಮೇಲಿರೋದು ಬಿಸಿಲು ತಿಂದ ಬಣ್ಣ. ಬಟ್ಟೆಯ ಸ್ವಂತ ಬಣ್ಣ ನೋಡ್ಬೇಕು ಅಂದ್ರೆ ಕೆಳಗಿನ ಮಡಿಕೆ ಬಿಚ್ಚಬೇಕು. ಒಂದು ಗೇಣು ಸಾಕು. ಆಮೇಲೆ ಇದ್ದ ಹಾಗೇ ಹೊಲಿದು ಕೊಡ್ತೀನಿ" ಅಂದ.

ಅಧ್ಯಕ್ಷರು ಅಂಗಿ ನೋಡಿದರು, ದರ್ಜಿಯನ್ನು ನೋಡಿದರು. ಬೇಡ ಅಂದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಅವರು ಕೋಟಿನ ಜೇಬಿಗೆ ಕೈ ಹಾಕಿ ಗಡಿಯಾರದ ಚಿಮುಟ ತೆಗೆದು ಕೊಟ್ಟರು. "ನಿಮ್ಮ ಕತ್ತರಿ ಒರಟು. ಇದರಲ್ಲಿ ಬಿಚ್ಚಿ."

ಒಂದೊಂದೇ ಹೊಲಿಗೆ ಬಿಚ್ಚಿಕೊಂಡಿತು. ಮಡಿಕೆ ತೆರೆದಾಗ ಸುತ್ತ ನಿಂತವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಒಳಗಿನ ಬಟ್ಟೆ, ಈಗಷ್ಟೇ ಬಣ್ಣದ ತೊಟ್ಟಿಯಿಂದ ಎತ್ತಿದಂಥ ಹಳದಿ.

ಎರಡನೆಯ ಗಾಜಿಗೆ ಆ ಮಡಿಕೆ, ಪಕ್ಕದಲ್ಲಿ ಅಧ್ಯಕ್ಷರ ಬಿಳಿ ಕರವಸ್ತ್ರ, ಅದರ ಪಕ್ಕ ಒಂದು ನೀಲಿ ಅಂಗಿ. ಈ ಸಲ ಕೊನೆಯ ತಟ್ಟೆಯನ್ನು ಅಕ್ಕ ಡೇರೆಯೊಳಗೆ ಇಡಲೇ ಇಲ್ಲ. ಆ ಹೊತ್ತಿಗೆ ಬೆಳಕು ತಾಗಿದರೂ ತೊಂದರೆಯಿಲ್ಲ. ಮೈದಾನದ ನಡುವೆ ಮೇಜಿನ ಮೇಲಿಟ್ಟು, "ನೀವೇ ಮುಳುಗಿಸಿ ಸಾರ್" ಅಂದಳು. ಅಧ್ಯಕ್ಷರ ಕೈ ನಡುಗಲಿಲ್ಲ, ನಡುಗುವ ಕೈಯಲ್ಲಿ ಗಡಿಯಾರ ರಿಪೇರಿ ಆಗುವುದಿಲ್ಲ. ಮಬ್ಬು ಕರಗಿತು. ಕರವಸ್ತ್ರ ಬಿಳಿ. ನೀಲಿ ಅಂಗಿ ಹೆಚ್ಚುಕಮ್ಮಿ ಅಷ್ಟೇ ಬಿಳಿ. ಮಡಿಕೆ ಕಪ್ಪು, ಅಕ್ಕನ ಬೆರಳಿನಷ್ಟೇ ಕಪ್ಪು.

ಎಲ್ಲರೂ, ದಕ್ಕೆಯ ಕಡೆಯವರು ಕೂಡ ಅಧ್ಯಕ್ಷರ ಮುಖ ನೋಡುತ್ತ ನಿಂತರು. ಅವರು ಭೂತಕನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ನೆಟ್ಟಗೆ ಅಪ್ಪನ ಬಳಿ ನಡೆದು ಹೋಗಿ, ಬಗ್ಗಿ ಕೈ ಚಾಚಿದರು.

"ಏಳಿ. ನಲವತ್ತು ವರ್ಷದಿಂದ ತಪ್ಪು ಜಾಗದಲ್ಲಿ ಬೀಳಿಸಿದೀವಿ ನಿಮ್ಮನ್ನ."

ಅಪ್ಪ ಕೈ ಹಿಡಿಯಲಿಲ್ಲ. "ಹೌದೇನೇ ಮಗಳೇ?" ಎಂದು ಅಕ್ಕನ ಕಡೆ ತಿರುಗಿದ. "ನಮ್ಮಜ್ಜಿ ಹೇಳಿದ್ದು ನಿಜವೇನೇ?"

"ನಿಜ ಅಪ್ಪಾ." ಅಕ್ಕ ಪಕ್ಕಕ್ಕಿಟ್ಟಿದ್ದ ಕೋಲನ್ನು ಎತ್ತಿ ಅವನ ಕೈಗೆ ಕೊಟ್ಟಳು.

ಆಮೇಲೆ ಮೈದಾನದಲ್ಲಿ ಎದ್ದ ಕೇಕೆಯನ್ನು ಏನೆಂದು ಹೇಳುವುದು! ಇನ್ನೊಂದೇ ಗಾಜು ಉಳಿದಿತ್ತು. ಸರಿಯಾಗಿ ಮತ್ತೊಮ್ಮೆ ತೆಗೆಯಲೇಬೇಕು ಎಂದು ಎರಡೂ ಕಡೆಯವರು ಒತ್ತಾಯ ಮಾಡಿದರು. ನೀಲಿಯವರು ನಿಂತರು, ಹಳದಿಯವರು ಗೊಣಗುತ್ತ ಬಿದ್ದರು. ಬಿದ್ದವರ ಕೊನೆಯಲ್ಲಿ, ಹಗ್ಗ ಬಿಡುವ ಜಾಗಕ್ಕೆ ಯಾರೂ ಹೋಗಲು ಒಪ್ಪಲಿಲ್ಲ. ಅಧ್ಯಕ್ಷರು ಕೋಟು ಬಿಚ್ಚಿ ದರ್ಜಿಯ ಕೈಗೆ ಕೊಟ್ಟು, ಹಳದಿ ಅಂಗಿಯೊಂದನ್ನು ಮೇಲೆ ಹಾಕಿಕೊಂಡು, ತಾವೇ ಹೋಗಿ ಮಲಗಿದರು. "ಇಲ್ಲಿಂದಲೇ ಎಣಿಸ್ತೀನಿ. ವಂಶದವರೇ ಬೀಳಬೇಕು ಅಂದವರು ನಮ್ಮಪ್ಪ" ಅಂದರು.

ಬೀಳುವುದರಲ್ಲಿ ಊರಿಗೇ ಗುರುವಾಗಿದ್ದ ಅಪ್ಪನಿಗೆ ನಿಲ್ಲುವುದು ಗೊತ್ತಿರಲಿಲ್ಲ. ಕೋಲಿಲ್ಲದೆ, ಹಗ್ಗವನ್ನೇ ಆಧಾರವಾಗಿ ಹಿಡಿದು ನಿಂತ. ಎದೆ ಉಬ್ಬಿಸಲು ಹೋದರೆ ಹೊಟ್ಟೆ ಉಬ್ಬಿತು.

"ಅಪ್ಪಾ, ಆರೇ ಸೆಕೆಂಡು. ಉಸಿರು ಕೂಡ ಬಿಡಬೇಡ. ಇದೇ ಕೊನೇ ಗಾಜು" ಎಂದು ಅಕ್ಕ ಕೈ ಮುಗಿದಳು. ಮುಚ್ಚಳ ತೆಗೆದಳು.

"ಒಂದು" ಅಂದಿತು ಹುಲ್ಲಿನ ಮೇಲಿಂದ ಅಧ್ಯಕ್ಷರ ದನಿ. "ಎರಡು. ಮೂರು."

ಅಪ್ಪ ಕಲ್ಲಿನ ಹಾಗೆ ನಿಂತಿದ್ದ. ಆದರೆ ಎದುರಿಗೆ, ನಲವತ್ತು ವರ್ಷ ತಾನು ಬೀಳುತ್ತಿದ್ದ ರೀತಿಯಲ್ಲೇ, ಕಾಲು ಮಡಿಸಿ, ಕೈ ಚಾಚಿ, ಸಂಘದ ಅಧ್ಯಕ್ಷರು ಗಂಭೀರವಾಗಿ ಸೆಕೆಂಡು ಎಣಿಸುತ್ತ ಬಿದ್ದಿದ್ದರು. ನಾಲ್ಕಕ್ಕೆ ಅಪ್ಪನ ತುಟಿ ಅದುರಿತು. ಐದಕ್ಕೆ ಅವನು ನಕ್ಕುಬಿಟ್ಟ. ಭುಜ ಕುಣಿಸಿ, ತಲೆ ಆಡಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆರು ಮುಗಿದು ಮುಚ್ಚಳ ಹಾಕಿದ ಮೇಲೂ ನಗು ನಿಲ್ಲಲಿಲ್ಲ.

ತಟ್ಟೆಯಲ್ಲಿ ಮಬ್ಬು ಕರಗಿದಾಗ ಅಕ್ಕ ತಲೆಯ ಮೇಲೆ ಕೈ ಹೊತ್ತಳು. ಏಳು ಮುಖ ಕಡೆದಿಟ್ಟಂತೆ ಸ್ಪಷ್ಟ. ಎಂಟನೆಯದು, ಅಪ್ಪನದು, ಒರೆಸಿ ಹಾಕಿದಂತೆ ಮಸುಕು.

"ಹಾಳು ಮಾಡ್ಬಿಟ್ಯಲ್ಲಪ್ಪಾ! ಒಂದೇ ಒಂದು ಗಾಜಿತ್ತು. ನಿನ್ನ ಮುಖಾನೇ ಇಲ್ಲ!"

ಅಷ್ಟರಲ್ಲಿ ಅಧ್ಯಕ್ಷರು ಹೇಳಿ ಕಳಿಸಿದ್ದ ಹಳೆಯ ಚಿತ್ರ ಹಾಲ್‌ನಿಂದ ಬಂತು. ಅಂಗಿಯ ಮೇಲಿನ ಹುಲ್ಲು ಕೊಡವುತ್ತ ಅವರು ಅದನ್ನು ಮೇಜಿನ ಮೇಲೆ ಹೊಸ ಗಾಜಿನ ಪಕ್ಕಕ್ಕಿಟ್ಟರು. ಅಪ್ಪ ಕೋಲೂರಿಕೊಂಡು ಬಂದು ನಿಂತ. ನಲವತ್ತು ವರ್ಷದಲ್ಲಿ ಮೊದಲ ಸಲ ಆ ಚಿತ್ರದ ಮೇಲೆ ಬಗ್ಗಿದ. ಬಿಳಿ ಅಂಗಿಯ ಎಂಟು ಮಂದಿ. ಏಳು ಮುಖ ಸ್ಪಷ್ಟ. ಹಗ್ಗದ ಕೊನೆಯಲ್ಲಿ ನಿಂತ ಎಂಟನೆಯವನದು ಮಸುಕು.

ಅವನು ಒಮ್ಮೆ ಹಳೆಯದನ್ನು ನೋಡಿದ, ಒಮ್ಮೆ ಹೊಸದನ್ನು. ಮತ್ತೆ ಹಳೆಯದನ್ನು ನೋಡಿದ.

"ಮುಖ ತಿರುಗಿಸಿಲ್ಲ ಕಣೇ ಮಗಳೇ," ಅಂದ ಅಪ್ಪ, ಆ ಮಸುಕಿನ ಮೇಲೆ ಬೆರಳಿಟ್ಟು. "ನಮ್ಮಜ್ಜ ನಗ್ತಿದಾರೆ."